ಕಾಡಿನ ಅರಿವಿಗೆ ವಿಶ್ವವಿದ್ಯಾಲಯದ ಬಾಗಿಲು: ಬುಡಕಟ್ಟು ಅಧ್ಯಯನ ಎಂದರೇನು?

ಪಿಯುಸಿ ಫಲಿತಾಂಶ ಬಂದ ಮೇಲೆ ಸಮಾಜದ ಮನೆಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಗೊತ್ತಿರುವಂಥದ್ದೇ. ಎಂಜಿನಿಯರಿಂಗ್, ವೈದ್ಯಕೀಯ, ಬಿ.ಕಾಂ., ಸಿ.ಎ. ಇವುಗಳ ಸುತ್ತಲೇ ಮಾತು ತಿರುಗುತ್ತದೆ. ಬುಡಕಟ್ಟು ಜನರ ಬದುಕು ಮತ್ತು ಅವರ ಅರಿವನ್ನು ಓದುತ್ತೇನೆ ಎಂದು ಮಗಳೊಬ್ಬಳು ಹೇಳಿದರೆ, ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ, ‘ಅದರಲ್ಲಿ ಓದುವುದಕ್ಕೆ ಏನಿದೆ?’ ಎರಡನೆಯದು, ‘ಓದಿ ಏನು ಮಾಡುವುದು?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಅರ್ಧ ಹಗುರವಾಗುತ್ತದೆ.

ಹೆಸರಿನ ವಿಚಾರದಿಂದಲೇ ಆರಂಭಿಸಬೇಕು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೊರಗಿನವರು ಬಂದು ನೆಲೆಸುವ ಮೊದಲೇ ಅಲ್ಲಿದ್ದ ಜನರನ್ನು ಮೂಲನಿವಾಸಿಗಳೆಂದು ಕರೆಯುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಅವರ ಭಾಷೆ, ಕಾನೂನು, ಭೂಮಿಯ ಹಕ್ಕು, ವೈದ್ಯ, ನಕ್ಷತ್ರಜ್ಞಾನ ಮುಂತಾದವನ್ನು ಕಲಿಸುವ ಪ್ರತ್ಯೇಕ ವಿಭಾಗಗಳಿವೆ. ಭಾರತದಲ್ಲಿ ಯಾರು ಮೊದಲು ಬಂದವರು, ಯಾರು ನಂತರ ಬಂದವರು ಎಂಬುದು ಅಷ್ಟು ಸುಲಭವಾಗಿ ತೀರುವ ಲೆಕ್ಕವಲ್ಲ. 2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಭಾರತ ಅದರ ಪರ ಮತ ಹಾಕಿತಾದರೂ, ನಮ್ಮ ಕಾನೂನಿನ ಭಾಷೆಯಲ್ಲಿ ಆ ಪದ ಬಂದಿಲ್ಲ. ಸಂವಿಧಾನದ 342ನೇ ವಿಧಿ ಹೇಳುವುದು ಪರಿಶಿಷ್ಟ ಪಂಗಡಗಳೆಂದು. ಸರ್ಕಾರಿ ಕಡತಗಳಲ್ಲಿ ಗಿರಿಜನ, ಚಳವಳಿಗಳಲ್ಲಿ ಆದಿವಾಸಿ, ವಿಶ್ವವಿದ್ಯಾಲಯಗಳಲ್ಲಿ ಬುಡಕಟ್ಟು ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42 ಲಕ್ಷಕ್ಕಿಂತ ಹೆಚ್ಚು, ಅಂದರೆ ರಾಜ್ಯದ ಜನರಲ್ಲಿ ಸುಮಾರು ಶೇ. 7. ಅವರಲ್ಲಿ ಊರು-ಪೇಟೆಗಳಲ್ಲಿ ನೆಲೆಸಿದವರೇ ಬಹಳ. ಕಾಡನ್ನು ನಂಬಿ ಬದುಕಿದ ಸೋಲಿಗರು, ಜೇನುಕುರುಬರು, ಕಾಡುಕುರುಬರು, ಯರವರು, ಇರುಳಿಗರು, ಕರಾವಳಿಯ ಕೊರಗರು, ಉತ್ತರ ಕನ್ನಡದ ಸಿದ್ದಿಯರು ಮುಂತಾದವರು ಸಂಖ್ಯೆಯಲ್ಲಿ ಕಡಿಮೆ. ಇವರಲ್ಲಿ ಜೇನುಕುರುಬರನ್ನೂ ಕೊರಗರನ್ನೂ ಕೇಂದ್ರ ಸರ್ಕಾರ ‘ವಿಶೇಷವಾಗಿ ದುರ್ಬಲ’ ಬುಡಕಟ್ಟುಗಳ ಪಟ್ಟಿಗೆ ಸೇರಿಸಿದೆ.

ಅಳತೆಪಟ್ಟಿಯ ಕಾಲ

ಈ ಜನರ ಬಗ್ಗೆ ಬರೆಯುವ ಕೆಲಸ ಹೊಸದೇನಲ್ಲ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕುರಿತು ಏಳು ಸಂಪುಟಗಳನ್ನು 1909ರಲ್ಲಿ ಪ್ರಕಟಿಸಿದ. ಅವನು ಹೋದಲ್ಲೆಲ್ಲ ಅಳತೆಯ ಉಪಕರಣಗಳನ್ನು ಒಯ್ದು ಜನರ ತಲೆಯ ಸುತ್ತಳತೆ, ಮೂಗಿನ ಅಗಲ ಬರೆದುಕೊಳ್ಳುತ್ತಿದ್ದ. ಮೂಗಿನ ಅಳತೆಯಿಂದ ಮನುಷ್ಯರ ದರ್ಜೆ ಗೊತ್ತುಮಾಡಬಹುದೆಂದು ಆ ಕಾಲದ ವಿದ್ವಾಂಸರು ನಂಬಿದ್ದರು. ಮೈಸೂರು ಸಂಸ್ಥಾನದಲ್ಲಿ ಇಂಥ ಸಮೀಕ್ಷೆಯ ಹೊಣೆ ಹೊತ್ತವರು ಎಚ್.ವಿ. ನಂಜುಂಡಯ್ಯ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾದಾಗ ಮೊದಲ ಕುಲಪತಿಗಳಾದವರೂ ಅವರೇ. ಅವರು ಕೂಡಿಸಿಟ್ಟ ವಿವರಗಳನ್ನು ಮುಂದೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ನಾಲ್ಕು ಸಂಪುಟಗಳಾಗಿ ಹೊರತಂದರು. ಇಂದಿಗೂ ಸಂಶೋಧಕರು ಆ ಸಂಪುಟಗಳನ್ನು ತೆರೆಯುತ್ತಾರೆ. ಅಷ್ಟು ಮಾಹಿತಿ ಅಲ್ಲಿದೆ. ಆದರೆ ಮದುವೆ, ಕುಲ, ದೇವರು, ಊಟ, ಉಡುಗೆ ಎಂದು ಹೊರಗಿನಿಂದ ಕಂಡದ್ದನ್ನು ಪಟ್ಟಿಮಾಡುವುದೇ ಆಗಿನ ರೀತಿ. ಆ ಜನರಿಗೆ ಏನು ಗೊತ್ತಿದೆ ಎಂದು ಕೇಳುವುದು ಯಾರ ಪ್ರಶ್ನಾವಳಿಯಲ್ಲೂ ಮುಖ್ಯವಾಗಿರಲಿಲ್ಲ.

ಇಂದಿನ ಅಧ್ಯಯನಕ್ಕೂ ಅಂದಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಇದನ್ನು ತಿಳಿಯಲು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ತರಗು ಬೆಂಕಿಯ ಕಥೆ

ಬೆಟ್ಟದ ರಂಗನಾಥನನ್ನು ಸೋಲಿಗರು ‘ರಂಗಭಾವ’ ಎನ್ನುತ್ತಾರೆ. ಅವರ ಮನೆಯ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದವನು ಅವನು. ಸೋಲಿಗರ ಹಾಡಿಗಳಿಗೆ ಪೋಡು ಎಂಬ ಹೆಸರು. ಕಾಡಿನಲ್ಲಿ ಅವರಿಗೆ ನೂರಾರು ಪವಿತ್ರ ಸ್ಥಳಗಳಿವೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಅವುಗಳಲ್ಲಿ ಬೇರೆ ಬೇರೆ ಬಗೆಗಳು. ಆಯಾ ಕುಲದವರು ಆಯಾ ಸ್ಥಳದ ಪೂಜೆಗೆ ಹೊಣೆಗಾರರು. ಹೊರಗಿನವರ ಕಣ್ಣಿಗೆ ಬರೀ ಮರ-ಬಂಡೆಗಳಾಗಿ ಕಾಣುವ ಕಾಡು, ಸೋಲಿಗ ಹಿರಿಯರಿಗೆ ಹೆಸರು ಹೆಸರಾಗಿ ಗೊತ್ತಿರುವ ಊರಿನಂತೆ.

ಹಿಂದೆ ಸೋಲಿಗರು ವರ್ಷದ ಒಣಗಾಲ ಶುರುವಾಗುವ ಹೊತ್ತಿಗೆ, ಅಂದರೆ ಹುಲ್ಲು ಪೂರ್ತಿ ಒಣಗುವುದಕ್ಕೆ ಮುಂಚೆಯೇ, ನೆಲಕ್ಕೆ ಬಿದ್ದ ಎಲೆಗಳಿಗೆ ಬೆಂಕಿ ಕೊಡುತ್ತಿದ್ದರು. ಇದಕ್ಕೆ ಅವರು ತರಗು ಬೆಂಕಿ ಎನ್ನುತ್ತಾರೆ. ಆ ಬೆಂಕಿ ಮೊಣಕಾಲೆತ್ತರ ಏಳುವುದೂ ಅಪರೂಪ. ಮರಗಳಿಗೆ ತಾಗದೆ ನೆಲದ ಮೇಲೆ ಹರಿದು ಆರಿಹೋಗುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು, ಕಾಡಿನ ದಾರಿಗಳು ತೆರೆದಿರುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆಯ ಜೊತೆಗೆ ಕುಮರಿ ಬೇಸಾಯವೂ ತರಗು ಬೆಂಕಿಯೂ ನಿಂತವು. ಬೆಂಕಿ ಹಚ್ಚುವವರು ಕಾಡಿನ ಶತ್ರುಗಳು ಎಂಬುದು ಆಗಿನ ಅರಣ್ಯ ವಿಜ್ಞಾನದ ತಿಳಿವಳಿಕೆ.

ವರ್ಷಗಳು ಕಳೆದಂತೆ ಎರಡು ತೊಂದರೆಗಳು ಕಣ್ಣಿಗೆ ಬಿದ್ದವು. ಒಂದು ಲಂಟಾನ. ಅಲಂಕಾರಕ್ಕೆಂದು ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದ ಈ ಮುಳ್ಳುಪೊದೆ ಬೆಟ್ಟದ ಕಾಡನ್ನು ಆವರಿಸತೊಡಗಿತು. 1997 ಮತ್ತು 2008ರಲ್ಲಿ ನಡೆದ ಸಮೀಕ್ಷೆಗಳನ್ನು ಹೋಲಿಸಿದಾಗ, ಲಂಟಾನ ಕಂಡುಬಂದ ಜಾಗಗಳು ಈ ಅವಧಿಯಲ್ಲಿ ಸುಮಾರು ಇಮ್ಮಡಿಯಾಗಿದ್ದವು. ಇನ್ನೊಂದು, ಬೆಟ್ಟದ ನೆಲ್ಲಿಮರಗಳ ಸ್ಥಿತಿ. ಸೋಲಿಗರಿಗೆ ನೆಲ್ಲಿಕಾಯಿ ಮುಖ್ಯ ವರಮಾನ. ಅದನ್ನು ಕೊಯ್ದು ಲ್ಯಾಂಪ್ಸ್ ಸೊಸೈಟಿಗೆ ಕೊಡುತ್ತಿದ್ದರು. ಮರಗಳು ಸೊರಗುತ್ತಿರುವುದು ಸಂಶೋಧಕರ ಗಮನಕ್ಕೆ ಬಂದಾಗ, ಸೋಲಿಗರು ಮಿತಿಮೀರಿ ಕೊಯ್ಯುತ್ತಿರಬೇಕು ಎಂಬ ಅನುಮಾನ ಮೊದಲು ಹುಟ್ಟಿದ್ದು ಸಹಜವೇ.

ಸೋಲಿಗರ ಮಾತು ಬೇರೆಯಿತ್ತು. ನೆಲ್ಲಿಯ ಕೊಂಬೆಗಳ ಮೇಲೆ ಬೆಳೆದು ಮರದ ರಸ ಹೀರುವ ಬಂದಳಿಕೆ, ಅವರ ಮಾತಿನಲ್ಲಿ ಉಪ್ಪಿಲು, ಮರಗಳನ್ನು ಕೊಲ್ಲುತ್ತಿದೆ ಎಂದು ಹಿರಿಯರು ಹೇಳಿದರು. ತರಗು ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತು, ಲಂಟಾನವೂ ಹೆಚ್ಚಿತು. ಹಿಂದೆ ಸಣ್ಣ ಬೆಂಕಿ ಇವೆರಡನ್ನೂ ಎಳೆಯದಿರುವಾಗಲೇ ಹತ್ತಿಕ್ಕುತ್ತಿತ್ತು ಎಂಬುದು ಅವರ ವಿವರಣೆ. ಲಂಟಾನ ದಟ್ಟವಾಗಿ ಬೆಳೆದ ಮೇಲೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಮರದ ತಲೆಗೇರುವ ದೊಡ್ಡ ಬೆಂಕಿಯಾಗುತ್ತದೆ ಎಂದೂ ಅವರು ಎಚ್ಚರಿಸಿದರು.

ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರೂ ಅವರ ಜೊತೆಗೂಡಿದ ವಿದ್ವಾಂಸರೂ ಈ ಮಾತನ್ನು ಕಥೆಯೆಂದು ಬದಿಗಿಡಲಿಲ್ಲ. ಹಾಗೆಂದು ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಪೋಡುಗಳಲ್ಲಿ ಕೂತು ಹಿರಿಯರ ನೆನಪುಗಳನ್ನು ದಾಖಲಿಸಿದರು. ಇನ್ನೊಂದು ಕಡೆ ಗುರುತು ಹಾಕಿದ ಮರಗಳನ್ನು ವರ್ಷವರ್ಷ ಎಣಿಸಿದರು. ಬಂದಳಿಕೆ ಹಿಡಿದ ನೆಲ್ಲಿಮರಗಳು ಹೆಚ್ಚು ಸಾಯುತ್ತವೆ, ಕಾಯಿ ಕಡಿಮೆ ಬಿಡುತ್ತವೆ ಎಂಬುದು ಲೆಕ್ಕದಲ್ಲೂ ಕಂಡಿತು. ಬೆಂಕಿ ನಿಂತದ್ದೊಂದೇ ಎಲ್ಲಕ್ಕೂ ಕಾರಣ ಎಂದು ಹೇಳಲಾಗದು. ಕಾಡಿನಲ್ಲಿ ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆದರೆ ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ತೋರಿಸಿಕೊಟ್ಟವರು ಸೋಲಿಗರು. ಪ್ರಯೋಗಾಲಯದಲ್ಲಿ ಕುಳಿತವರಿಗೆ ಆ ಪ್ರಶ್ನೆ ಹೊಳೆಯಲು ಇನ್ನೂ ಎಷ್ಟು ವರ್ಷ ಬೇಕಾಗುತ್ತಿತ್ತೋ.

ಭಾಷೆಯ ದಾರಿಯಿಂದ ಹೋದವರೂ ಇದ್ದಾರೆ. ಆಂಗ್ ಸಿ ಎಂಬ ಭಾಷಾವಿಜ್ಞಾನಿ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಸೋಲಿಗರ ನುಡಿಯನ್ನು ಅಧ್ಯಯನ ಮಾಡಿದರು. ಕನ್ನಡಕ್ಕೆ ತೀರ ಹತ್ತಿರವಾದ ಆ ನುಡಿಯಲ್ಲಿ ಗಿಡ, ಹಕ್ಕಿ, ಜೇನುಗಳ ಹೆಸರುಗಳು ಹೇಗೆ ವಿಂಗಡವಾಗಿವೆ, ಆ ಹೆಸರುಗಳಲ್ಲೇ ಎಷ್ಟು ತಿಳಿವಳಿಕೆ ಅಡಗಿದೆ ಎಂಬುದು ಅವರ ವಿಷಯ. 2016ರಲ್ಲಿ ಅದು ಪುಸ್ತಕವಾಗಿ ಬಂತು. ಒಂದು ನುಡಿ ಮರೆಯಾದರೆ ಬರೀ ಪದಗಳಷ್ಟೇ ಹೋಗುವುದಿಲ್ಲ. ಯಾವ ಮರ ಹೂಬಿಟ್ಟಾಗ ಹೆಜ್ಜೇನು ಬರುತ್ತದೆ ಎಂಬುದು ತಿಳಿದಿರುವುದೂ ಆ ಪದಗಳ ಜೊತೆಗೇ.

ಇಂಥ ದಾಖಲೆಗಳು ಕಪಾಟಿನಲ್ಲಿ ಕೂರುವುದಕ್ಕಷ್ಟೇ ಅಲ್ಲ ಎಂಬುದಕ್ಕೂ ಬೆಟ್ಟವೇ ಸಾಕ್ಷಿ. ಸೋಲಿಗರೂ ಸಂಶೋಧಕರೂ ಕೂಡಿ ಪವಿತ್ರ ಸ್ಥಳಗಳ ನಕ್ಷೆ ತಯಾರಿಸಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಒಂದು ಸಮುದಾಯ ಕಾಡಿನ ಮೇಲೆ ಹಕ್ಕು ಕೇಳುವಾಗ, ಇಲ್ಲಿ ತಲೆಮಾರುಗಳಿಂದ ಬದುಕಿದ್ದೇವೆ ಎಂಬುದಕ್ಕೆ ಆಧಾರ ಕೊಡಬೇಕಾಗುತ್ತದೆ. ಪಹಣಿ ಇಲ್ಲದವರಿಗೆ ಹಿರಿಯರ ಹೇಳಿಕೆ, ಪೂಜಾಸ್ಥಳ, ಸಮಾಧಿ, ಹಳೆಯ ಪೋಡಿನ ಗುರುತುಗಳೇ ಆಧಾರ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಹಕ್ಕುಗಳಿಗೂ ಮಾನ್ಯತೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ದೇಶದಲ್ಲಿ ಇಂಥ ಮಾನ್ಯತೆ ಪಡೆದ ಮೊದಲಿಗರು ಅವರು.

ಅರಿವು ಯಾರದು?

ಇಲ್ಲಿಗೆ ವಿಷಯ ಮುಗಿಯುವುದಿಲ್ಲ, ಕಠಿಣವಾದ ಭಾಗ ಇನ್ನು ಮುಂದೆ. ಕೇಳಿ ಬರೆದುಕೊಂಡ ಅರಿವು ಯಾರ ಸೊತ್ತು?

1987ರಲ್ಲಿ ಕೇರಳದ ಅಗಸ್ತ್ಯಮಲೆಯ ಕಾಡಿನಲ್ಲಿ ವಿಜ್ಞಾನಿಗಳ ತಂಡವೊಂದು ನಡೆಯುತ್ತಿತ್ತು. ದಾರಿ ತೋರಿಸಲು ಕಾಣಿ ಬುಡಕಟ್ಟಿನವರು ಜೊತೆಗಿದ್ದರು. ಏರುದಾರಿಯಲ್ಲಿ ವಿಜ್ಞಾನಿಗಳು ಸುಸ್ತಾಗಿ ಕುಳಿತರೂ ಕಾಣಿಗಳಿಗೆ ದಣಿವಿರಲಿಲ್ಲ. ನಡುನಡುವೆ ಏನೋ ಸಣ್ಣ ಕಾಯಿಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದೇನೆಂದು ಕೇಳಿದರೆ ಅವರು ಹೇಳಲಿಲ್ಲ. ಅದು ಹೊರಗಿನವರಿಗೆ ಹೇಳಬಾರದ ವಿಷಯ. ದುರುಪಯೋಗ ಮಾಡುವುದಿಲ್ಲವೆಂದು ತಂಡದವರು ಮತ್ತೆ ಮತ್ತೆ ಒಪ್ಪಿಸಿದ ಮೇಲೆ ಗಿಡವನ್ನು ತೋರಿಸಿದರು. ಅವರು ಅದನ್ನು ಆರೋಗ್ಯಪಚ್ಚ ಎನ್ನುತ್ತಿದ್ದರು. ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯಲ್ಲಿ ಪಿ. ಪುಷ್ಪಾಂಗದನ್ ಮತ್ತು ಸಂಗಡಿಗರು ಆ ಗಿಡವನ್ನು ಪರೀಕ್ಷಿಸಿ, ಬೇರೆ ಮೂರು ಮೂಲಿಕೆಗಳ ಜೊತೆ ಸೇರಿಸಿ ‘ಜೀವನಿ’ ಎಂಬ ಔಷಧ ಸಿದ್ಧಪಡಿಸಿದರು. 1995ರಲ್ಲಿ ಅದರ ತಯಾರಿಕೆಯ ಪರವಾನಗಿಯನ್ನು ಕೊಯಮತ್ತೂರಿನ ಕಂಪನಿಯೊಂದಕ್ಕೆ 10 ಲಕ್ಷ ರೂಪಾಯಿ ಮತ್ತು ಮಾರಾಟದ ಮೇಲೆ ಶೇ. 2ರ ರಾಯಧನಕ್ಕೆ ಕೊಡಲಾಯಿತು. ಬಂದ ಹಣದಲ್ಲಿ ಅರ್ಧ ಕಾಣಿಗಳಿಗೆ ಎಂದು ಸಂಸ್ಥೆ ತೀರ್ಮಾನಿಸಿತು. 1997ರಲ್ಲಿ ಅದಕ್ಕಾಗಿ ಕಾಣಿ ಸಮುದಾಯದ ಟ್ರಸ್ಟ್ ಒಂದು ನೋಂದಣಿಯಾಯಿತು.

ಆಗ ಭಾರತದಲ್ಲಿ ಹೀಗೆ ಪಾಲು ಕೊಡಲೇಬೇಕೆಂಬ ಕಾನೂನೇ ಇರಲಿಲ್ಲ. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಆದ್ದರಿಂದ ಜಗತ್ತಿನಾದ್ಯಂತ ಈ ಪ್ರಕರಣವನ್ನು ಮಾದರಿಯೆಂದು ಪಾಠ ಮಾಡುತ್ತಾರೆ. ಆದರೆ ಒಳ್ಳೆಯ ಅಧ್ಯಾಪಕರು ಕಥೆಯ ಇನ್ನೊಂದು ಭಾಗವನ್ನೂ ಹೇಳುತ್ತಾರೆ. ದಾರಿ ತೋರಿಸಿದ ಇಬ್ಬರು-ಮೂವರು ಕಾಣಿಗಳ ಒಪ್ಪಿಗೆ ಇಡೀ ಸಮುದಾಯದ ಒಪ್ಪಿಗೆಯೇ? ಕಾಣಿಗಳ ಸಾಂಪ್ರದಾಯಿಕ ವೈದ್ಯರಲ್ಲಿ ಕೆಲವರು, ತಮ್ಮನ್ನು ಕೇಳದೆ ಗುಟ್ಟು ಹೊರಗೆ ಹೋಯಿತೆಂದು ಆಕ್ಷೇಪಿಸಿದರು. ಗಿಡ ಬೆಳೆಸಲು, ಎಲೆ ಕೊಯ್ಯಲು ಅರಣ್ಯ ಇಲಾಖೆಯ ತಕರಾರು ಎದುರಾಯಿತು. ಗಿಡದ ಬಗ್ಗೆ ಹೇಳಿದವರು ಅವರು, ಆದರೆ ಗಿಡ ನಿಂತ ನೆಲ ಅವರದಾಗಿರಲಿಲ್ಲ.

ಅರಿಸಿನದ ಪೇಟೆಂಟ್ ಕಥೆ ಬಹುಪಾಲು ಮನೆಗಳಿಗೆ ಗೊತ್ತಿದೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ಭಾರತದ ಸಿಎಸ್‌ಐಆರ್ ಹಳೆಯ ಗ್ರಂಥಗಳ ಆಧಾರ ತೋರಿಸಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ಆಮೇಲೆ ಆಯುರ್ವೇದ, ಸಿದ್ಧ, ಯುನಾನಿ ಗ್ರಂಥಗಳ ಸೂತ್ರಗಳನ್ನು ಕಂಪ್ಯೂಟರಿಗೆ ಏರಿಸಿ ವಿದೇಶಿ ಪೇಟೆಂಟ್ ಕಚೇರಿಗಳಿಗೆ ತೋರಿಸುವ ಏರ್ಪಾಡಾಯಿತು. ಶಾಸ್ತ್ರಗ್ರಂಥದಲ್ಲಿ ಬರೆದಿಟ್ಟದ್ದಕ್ಕೆ ಹೀಗೆ ಕಾವಲು ಸಿಕ್ಕಿತು. ಪೋಡಿನ ಅಜ್ಜಿಯ ನೆನಪಿನಲ್ಲಿ ಮಾತ್ರ ಇರುವುದಕ್ಕೆ ಯಾವ ಗ್ರಂಥದ ಆಧಾರ ತೋರಿಸುವುದು? ಬರೆದಿಡದಿದ್ದರೆ ಅಜ್ಜಿಯೊಂದಿಗೇ ಹೋಗುತ್ತದೆ. ಅಜಾಗರೂಕತೆಯಿಂದ ಬರೆದು ಪ್ರಕಟಿಸಿದರೆ ಯಾರು ಬೇಕಾದರೂ ಎತ್ತಿಕೊಳ್ಳುತ್ತಾರೆ. ಈ ವಿಷಯ ಓದುವ ವಿದ್ಯಾರ್ಥಿ ತನ್ನ ಮೊದಲ ಟಿಪ್ಪಣಿಪುಸ್ತಕ ತೆರೆದ ದಿನದಿಂದಲೇ ಈ ಇಕ್ಕಟ್ಟಿನಲ್ಲಿರುತ್ತಾಳೆ. ದಕ್ಷಿಣ ಆಫ್ರಿಕಾದ ಸಾನ್ ಜನರು 2017ರಲ್ಲಿ, ತಮ್ಮಲ್ಲಿಗೆ ಬರುವ ಸಂಶೋಧಕರು ಹೇಗೆ ನಡೆದುಕೊಳ್ಳಬೇಕೆಂದು ತಾವೇ ಒಂದು ನಿಯಮಾವಳಿ ಬರೆದು ಪ್ರಕಟಿಸಿದ್ದು ಇದೇ ಕಾರಣಕ್ಕೆ. ಬರೆದದ್ದನ್ನು ತಂದು ತೋರಿಸಿ ಎಂಬುದೂ ಅವರ ಬೇಡಿಕೆಗಳಲ್ಲಿ ಒಂದು.

ಎಲ್ಲಿ ಓದುವುದು, ಮುಂದೇನು?

ರಾಜ್ಯದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೇ ಮೀಸಲಾದ ವಿಭಾಗವಿದೆ. ಮೈಸೂರು ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಮಾನವಶಾಸ್ತ್ರ ವಿಭಾಗಗಳಿವೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಹೊರರಾಜ್ಯಕ್ಕೆ ಹೋಗುವ ಮನಸ್ಸಿದ್ದವರಿಗೆ ಮಧ್ಯಪ್ರದೇಶದ ಅಮರಕಂಟಕದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯ ಇದೆ. ಅದು ಕೇಂದ್ರೀಯ ವಿಶ್ವವಿದ್ಯಾಲಯ. ಪ್ರವೇಶದ ನಿಯಮಗಳು ವರ್ಷವರ್ಷ ಬದಲಾಗುವುದರಿಂದ ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯನ್ನೇ ನೋಡಬೇಕು.

ಉದ್ಯೋಗದ ವಿಷಯದಲ್ಲಿ ಆಸೆ ಹುಟ್ಟಿಸುವ ಮಾತು ಬೇಡ. ಎಂಜಿನಿಯರಿಂಗ್‌ನಂತೆ ಕ್ಯಾಂಪಸ್ಸಿಗೇ ಕಂಪನಿಗಳು ಬರುವ ಕ್ಷೇತ್ರ ಇದಲ್ಲ. ಮಾನವಶಾಸ್ತ್ರ, ಜಾನಪದಗಳಲ್ಲಿ ನೆಟ್ ಬರೆದು ಅಧ್ಯಾಪಕರಾಗಬಹುದು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರ, ಭಾರತೀಯ ಭಾಷಾ ಸಂಸ್ಥಾನ, ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ ಮೂರೂ ಮೈಸೂರಿನಲ್ಲೇ ಇವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಮಾನವಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಳ್ಳುವವರು ಬಹಳ. ಅದರ ಎರಡನೇ ಪತ್ರಿಕೆಯಲ್ಲಿ ಭಾರತದ ಬುಡಕಟ್ಟುಗಳದೇ ದೊಡ್ಡ ಪಾಲು. ಸ್ವಯಂಸೇವಾ ಸಂಸ್ಥೆಗಳಲ್ಲಿಯೂ ಕೆಲಸ ಸಿಗುತ್ತದೆ, ಸಂಬಳ ಮಾತ್ರ ಒಂದೊಂದು ಕಡೆ ಒಂದೊಂದು ರೀತಿ.

ಕ್ಷೇತ್ರಕಾರ್ಯ ಈ ಓದಿನ ಜೀವಾಳ. ತಿಂಗಳುಗಟ್ಟಲೆ ಹಾಡಿಯಲ್ಲಿರಬೇಕು. ಹುಲಿ ಸಂರಕ್ಷಿತ ಪ್ರದೇಶವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕಿಂತ ಮೊದಲು ಹಾಡಿಯ ಯಜಮಾನರ ಒಪ್ಪಿಗೆ ಬೇಕು, ಅದು ಒಂದೇ ದಿನದಲ್ಲಿ ಸಿಗುವಂಥದ್ದಲ್ಲ. ಜೇನುತುಪ್ಪವನ್ನು ಮುಟ್ಟದ ಜೈನ ಮನೆಯ ಹುಡುಗಿ ಜೇನು ಇಳಿಸುವವರ ಜೊತೆ ಹೋಗಿ ಬರೆಯುವುದು ಹೇಗೆ ಎಂದು ಹಿರಿಯರಿಗೆ ಅನಿಸಬಹುದು. ತನಗೆ ಬೇಡವಾದ ಊಟವನ್ನು ಕೈಮುಗಿದು ಬೇಡವೆನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕಾರಣ ಹೇಳಿದರೆ ಹಾಡಿಯವರಿಗೆ ಅರ್ಥವಾಗುತ್ತದೆ, ಅವರಲ್ಲೂ ಇಂಥ ಕಟ್ಟಳೆಗಳಿವೆ. ಆದರೆ ಕಂಡದ್ದನ್ನು ಕಂಡಂತೆ ಬರೆಯಬೇಕು. ತನ್ನ ಮನೆಯ ಸರಿ-ತಪ್ಪುಗಳಿಂದ ಅವರ ಬದುಕನ್ನು ಅಳೆಯಲು ಹೊರಟರೆ ಥರ್ಸ್ಟನ್ನನ ಅಳತೆಪಟ್ಟಿಯನ್ನೇ ಮತ್ತೆ ಕೈಗೆತ್ತಿಕೊಂಡಂತಾಗುತ್ತದೆ.

ಇತ್ತೀಚೆಗೆ ಈ ವಿಭಾಗಗಳಲ್ಲಿ ಇನ್ನೊಂದು ಬದಲಾವಣೆ ಕಾಣುತ್ತಿದೆ. ಬಿಳಿಗಿರಿರಂಗನ ಬೆಟ್ಟದ ಸಿ. ಮಾದೇಗೌಡರು ಸೋಲಿಗ ಸಮುದಾಯದವರು; ಪಿಎಚ್‌ಡಿ ಪಡೆದು ಸಂಶೋಧಕರಾದರು. ತಮ್ಮವರ ಅರಿವು ಮತ್ತು ಕಾಡಿನ ರಕ್ಷಣೆಯ ಬಗ್ಗೆ ಅವರು ಬರೆದ ಲೇಖನ 2009ರಲ್ಲಿ ದೇಶದ ಹೆಸರಾಂತ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಬಂದಿತ್ತು. ಹಿಂದೆ ಸೋಲಿಗರ ಹೆಸರು ಪುಸ್ತಕದ ಕೊನೆಯಲ್ಲಿ ‘ಮಾಹಿತಿ ನೀಡಿದವರು’ ಎಂಬ ಪಟ್ಟಿಯಲ್ಲಿ ಬಂದರೆ ಬರುತ್ತಿತ್ತು. ಈಗ ಅದು ಲೇಖಕರ ಸ್ಥಾನದಲ್ಲಿ ಬರುತ್ತಿದೆ. ಬೇರೆ ಸಮುದಾಯದಿಂದ ಈ ಓದಿಗೆ ಬರುವ ವಿದ್ಯಾರ್ಥಿಯ ಪಕ್ಕದ ಬೆಂಚಿನಲ್ಲಿ ಪೋಡಿನಿಂದ ಬಂದ ಹುಡುಗನೋ ಹುಡುಗಿಯೋ ಕೂತಿರುವುದೂ ಉಂಟು. ತರಗತಿಯಲ್ಲಿ ತರಗು ಬೆಂಕಿಯ ಪಾಠ ನಡೆಯುವಾಗ ಅಧ್ಯಾಪಕರು ಮೊದಲು ನೋಡುವುದು ಅತ್ತ ಕಡೆಗೆ.